ಗಲ್ಲಾಪೆಟ್ಟಿಗೆಯ ಹಣ ಯಾರದು? ಸಣ್ಣ ಉದ್ಯಮಿಗಳ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾಲ್ಕು ವರ್ಷದಿಂದ ಚಕ್ಕುಲಿ ಮಾಡಿ ಊರಿನ ಅಂಗಡಿಗಳಿಗೆ ಹಾಕುತ್ತಿದ್ದೇನೆ. ತಿಂಗಳಿಗೆ 800 ಕೆ.ಜಿ. ಹೋಗುತ್ತದೆ. ಸಾಮಾನಿಗೆ ಕೆ.ಜಿ.ಗೆ 120 ರೂಪಾಯಿ ಬೀಳುತ್ತದೆ, ಅಂಗಡಿಗೆ 200ಕ್ಕೆ ಕೊಡುತ್ತೇನೆ. ಈ ಲೆಕ್ಕದಲ್ಲಿ ತಿಂಗಳಿಗೆ 64 ಸಾವಿರ ಉಳಿಯಬೇಕು. ಆದರೆ ತಿಂಗಳ ಕೊನೆಗೆ ಎಣ್ಣೆ ಡಬ್ಬ ತರಲಿಕ್ಕೂ ಕೈಸಾಲ ಕೇಳಬೇಕಾಗಿದೆ. ಖರ್ಚಿನ ಪಟ್ಟಿ ಜೊತೆಗಿಟ್ಟಿದ್ದೇನೆ. ದುಡ್ಡು ಎಲ್ಲಿ ಹೋಗುತ್ತಿದೆ?
— ಗೃಹ ಉದ್ಯಮಿ, ದಾವಣಗೆರೆ

ಉತ್ತರ: ದುಡ್ಡು ಎರಡು ಕಡೆ ಹೋಗುತ್ತಿದೆ. ಒಂದಷ್ಟು ನಿಜವಾಗಿ ಖರ್ಚಾಗುತ್ತಿದೆ, ಇನ್ನಷ್ಟು ಅಂಗಡಿಯವರ ಉದ್ರಿ ಪುಸ್ತಕದಲ್ಲಿ ಕೂತಿದೆ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದೇ ಗಂಟಿನಲ್ಲಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ಮೊದಲು ಖರ್ಚು. ನಿಮ್ಮ 120 ರೂಪಾಯಿಯಲ್ಲಿ ಹಿಟ್ಟು, ಬೆಣ್ಣೆ, ಎಳ್ಳು, ಎಣ್ಣೆ ಮಾತ್ರ ಇದೆ. ನೀವೇ ಕಳಿಸಿದ ಪಟ್ಟಿಯನ್ನು ಕೆ.ಜಿ. ಲೆಕ್ಕಕ್ಕೆ ಇಳಿಸಿದರೆ ಗ್ಯಾಸ್ 12 ರೂಪಾಯಿ, ಕವರ್ ಮತ್ತು ಲೇಬಲ್ 7, ಸಾಗಿಸುವ ಪೆಟ್ರೋಲ್ 5, ಮುರಿದು ಪುಡಿಯಾಗುವ ಮಾಲು 5, ಅವಧಿ ಮೀರಿ ಅಂಗಡಿಯಿಂದ ವಾಪಸ್ ಬರುವ ಪೊಟ್ಟಣಗಳ ನಷ್ಟ 6. ಅಲ್ಲಿಗೆ 155 ಆಯಿತು. ಇಬ್ಬರು ಕೆಲಸದವರಿಗೆ ದಿನಕ್ಕೆ 500ರಂತೆ 26 ದಿನದ ಕೂಲಿ 26,000. ಅದನ್ನು 800 ಕೆ.ಜಿ.ಗೆ ಹಂಚಿದರೆ 32 ರೂಪಾಯಿ 50 ಪೈಸೆ. ಒಟ್ಟು 187 ರೂಪಾಯಿ 50 ಪೈಸೆ. 80 ರೂಪಾಯಿ ಎಂದುಕೊಂಡ ಲಾಭ 12 ರೂಪಾಯಿ 50 ಪೈಸೆಗೆ ಬಂದು ನಿಂತಿತು. ತಿಂಗಳಿಗೆ 10,000. ಬಾಡಿಗೆ, ಕರೆಂಟಿಗೆ 6,000 ಕೊಟ್ಟರೆ ಉಳಿಯುವುದು 4,000. ಬೆಳಗ್ಗೆ ಐದಕ್ಕೆ ಒಲೆ ಹಚ್ಚುವ ನಿಮ್ಮ ದುಡಿಮೆಗೆ ಇನ್ನೂ ಒಂದು ಪೈಸೆ ಬರೆದಿಲ್ಲ. ನೀವು ಮನೆಗೆ ತೆಗೆದುಕೊಳ್ಳುತ್ತಿರುವ ಹಣ ಹಾಗಾದರೆ ಮುಂದಿನ ವಾರದ ಎಣ್ಣೆಯ ಹಣ. ಕೈಸಾಲ ಹುಟ್ಟುವುದೇ ಅಲ್ಲಿ.

ಮುಂದಿನ ತಿಂಗಳಿಂದ ನಿಮ್ಮ ಹೆಸರಿಗೆ ಒಂದು ಸಂಬಳ ಬರೆಯಿರಿ, 15,000 ಎಂದಿಟ್ಟುಕೊಳ್ಳೋಣ. ಆಗ ಮಾಲು ಹೋದರೂ ಹೋಗದಿದ್ದರೂ ಕೊಡಲೇಬೇಕಾದ ತಿಂಗಳ ಖರ್ಚು 26,000 ಕೂಲಿ, 6,000 ಬಾಡಿಗೆ-ಕರೆಂಟು, 15,000 ನಿಮ್ಮದು, ಒಟ್ಟು 47,000. ಒಂದು ಕೆ.ಜಿ. ಮಾರಿದಾಗ 200ರಲ್ಲಿ 155 ಕಳೆದು ಈ ಖರ್ಚಿನ ಕಡೆಗೆ ಸಿಗುವುದು 45 ರೂಪಾಯಿ. 47,000ವನ್ನು 45ರಿಂದ ಭಾಗಿಸಿದರೆ 1,045 ಕೆ.ಜಿ. ಬರುತ್ತದೆ. ಅಂದರೆ ಈಗಿನ ದರದಲ್ಲಿ ಇನ್ನೂ 245 ಕೆ.ಜಿ. ಹೆಚ್ಚು ಮಾಡಿ ಮಾರಿದರೆ ಮಾತ್ರ ನಷ್ಟವಿಲ್ಲ. ಅದೇ ದರವನ್ನು 220 ಮಾಡಿದರೆ 724 ಕೆ.ಜಿ.ಗೆ ಖರ್ಚು ಹುಟ್ಟುತ್ತದೆ, ಈಗಿನ 800 ಸಾಕು. ದರ ಏರಿಸಿದರೆ ಗಿರಾಕಿ ಬಿಟ್ಟುಹೋಗುತ್ತಾರೆ ಎಂದು ಹೆದರುವವರೇ ಹೆಚ್ಚು. ನಿಮ್ಮ ಲೆಕ್ಕದಲ್ಲಿ 70 ಕೆ.ಜಿ.ಯ ಗಿರಾಕಿ ಬಿಟ್ಟರೂ ನೀವು ಈಗಿನದಕ್ಕಿಂತ ಚೆನ್ನಾಗಿರುತ್ತೀರಿ. ದರ ಏರಿಸಿ ಎಂದು ನಾವು ಧೈರ್ಯವಾಗಿಯೇ ಹೇಳುತ್ತೇವೆ.

ದರ ಬದಲಿಸುವಾಗ ಅಂಗಡಿಯವರು ತಮ್ಮ ಲಾಭಕ್ಕೆಂದು ಕೇಳುವ ‘20 ಪರ್ಸೆಂಟ್’ ಯಾವುದರ ಮೇಲೆ ಎಂದು ಬಾಯಿ ಬಿಟ್ಟು ಕೇಳಿ. ಸಾಮಾನ್ಯವಾಗಿ ಅವರು ಹೇಳುವುದು ಪೊಟ್ಟಣದ ಮೇಲೆ ಅಚ್ಚಾದ ಬೆಲೆಯ ಮೇಲೆ. ನೀವು ಕೂಡಿಸುವುದು ನಿಮ್ಮ ದರದ ಮೇಲೆ. ನಿಮಗೆ 220 ಸಿಗಬೇಕಾದರೆ ಪೊಟ್ಟಣದ ಬೆಲೆ 264 ಅಲ್ಲ, 275 ಆಗಬೇಕು. 220ನ್ನು 0.80ರಿಂದ ಭಾಗಿಸಿ ನೋಡಿ. 264 ಎಂದು ಅಚ್ಚು ಹಾಕಿಸಿದರೆ ಅಂಗಡಿಯವರು ಶೇ 20 ಕಳೆದು ನಿಮಗೆ ಕೊಡುವುದು 211 ರೂಪಾಯಿ 20 ಪೈಸೆ.

ಎಣ್ಣೆಯನ್ನು ಅಂದಾಜಿನಲ್ಲಿ ಬರೆಯಬೇಡಿ. ಕರಿಯುವ ಮೊದಲು ಬಾಣಲೆಗೆ ಹಾಕಿದ್ದನ್ನು, ಮುಗಿದ ಮೇಲೆ ಉಳಿದದ್ದನ್ನು ಒಂದು ವಾರ ತೂಗಿ ಬರೆಯಿರಿ. ಹಿಟ್ಟು ಮೆತ್ತಗಾದ ದಿನ, ಎಣ್ಣೆ ಸರಿಯಾಗಿ ಕಾಯದ ದಿನ ಚಕ್ಕುಲಿ ಹೆಚ್ಚು ಎಣ್ಣೆ ಕುಡಿದಿರುವುದು ತೂಕದಲ್ಲೇ ಕಾಣುತ್ತದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಬಳಸಿ ಉಳಿತಾಯ ಮಾಡುವ ದಾರಿ ಬೇಡ. ಮಾಲು ಬೇಗ ಕಮಟು ಹಿಡಿದು ಅಂಗಡಿಯಿಂದ ವಾಪಸ್ ಬರುತ್ತದೆ, ತಿನ್ನುವವರ ಆರೋಗ್ಯಕ್ಕೂ ಕೇಡು.

ಈಗ ಉದ್ರಿ. 200 ರೂಪಾಯಿಯ 800 ಕೆ.ಜಿ. ಎಂದರೆ ತಿಂಗಳ ವ್ಯಾಪಾರ 1,60,000. ಅಂಗಡಿಗಳು 30 ದಿನಕ್ಕೆ ಕೊಡುತ್ತವೆ ಎಂದು ಬರೆದಿದ್ದೀರಿ. ಹಾಗಾದರೆ ಯಾವತ್ತು ನೋಡಿದರೂ ಅಷ್ಟೂ ಹಣ ಹೊರಗೇ ಇರುತ್ತದೆ. ಹಿಟ್ಟಿನ ಗಿರಣಿ, ಎಣ್ಣೆ ಅಂಗಡಿಗೆ ಮಾತ್ರ ನೀವು ನಗದು ಕೊಡುತ್ತೀರಿ. ದೀಪಾವಳಿಗೆ ವ್ಯಾಪಾರ ಒಂದೂಕಾಲು ಪಟ್ಟು ಆದರೆ ಇನ್ನೂ 40,000 ಹೊರಗೆ ಸಿಕ್ಕಿಕೊಳ್ಳುತ್ತದೆ. ಹಬ್ಬದಲ್ಲಿ ಭರ್ಜರಿ ವ್ಯಾಪಾರವಾದ ತಿಂಗಳೇ ಕೈ ಖಾಲಿಯಾಗುವುದು ಇದಕ್ಕೇ. ಎಲ್ಲ ಅಂಗಡಿಗೂ ಒಂದೇ ಸಲ ಉದ್ರಿ ನಿಲ್ಲಿಸಲು ಆಗದು. ‘ಹಿಂದಿನ ಬಿಲ್ಲಿನ ಹಣ ಕೊಟ್ಟ ಮೇಲೆ ಹೊಸ ಮಾಲು’ ಎಂಬ ಕ್ರಮಕ್ಕೆ ಒಂದೊಂದೇ ಅಂಗಡಿಯನ್ನು ತನ್ನಿ. ವಾರಕ್ಕೊಮ್ಮೆ ಮಾಲು ಹಾಕುವವರಾದ್ದರಿಂದ 30 ದಿನದ ಉದ್ರಿ 7 ದಿನಕ್ಕೆ ಇಳಿಯುತ್ತದೆ. ಎಲ್ಲ ಅಂಗಡಿಗಳೂ ಇದಕ್ಕೆ ಬಂದರೆ ಹೊರಗಿರುವುದು 1,60,000 ಅಲ್ಲ, 40,000ದ ಆಸುಪಾಸು. ಬಾಕಿ 1,20,000 ನಿಮ್ಮ ಕೈಗೇ ಬರುತ್ತದೆ, ಬಡ್ಡಿಯಿಲ್ಲದೆ.

ನಿಮ್ಮ ವರ್ಷದ ವ್ಯಾಪಾರ 19 ಲಕ್ಷ ಚಿಲ್ಲರೆ. ಸದ್ಯಕ್ಕೆ ಜಿಎಸ್‌ಟಿ ನೋಂದಣಿಯ ಚಿಂತೆ ಬೇಡ.

ಪ್ರಶ್ನೆ: ಪೀಣ್ಯದಲ್ಲಿ ಲೇತ್, ಮಿಲ್ಲಿಂಗ್ ಜಾಬ್‌ವರ್ಕ್ ಮಾಡುತ್ತೇವೆ. ನಮ್ಮ ಮುಖ್ಯ ಗಿರಾಕಿ ದೊಡ್ಡ ಕಂಪನಿ. ಆರ್ಡರ್ ಪತ್ರದಲ್ಲೇ 90 ದಿನ ಎಂದು ಬರೆದು 120 ದಿನಕ್ಕೆ ಹಣ ಕೊಡುತ್ತಾರೆ. ಜಿಎಸ್‌ಟಿ ಮಾತ್ರ ನಾವು ಕೈಯಿಂದ ಕಟ್ಟಬೇಕು. 45 ದಿನದ ಕಾನೂನು ಇದೆಯಂತೆ. ಕೇಳಿದರೆ ಆರ್ಡರ್ ತಪ್ಪುತ್ತದೆಂಬ ಭಯವೂ ಇದೆ.
— ವರ್ಕ್‌ಶಾಪ್ ಮಾಲೀಕರು, ಬೆಂಗಳೂರು

ಉತ್ತರ: ನಿಮ್ಮ ಭಯ ಸಹಜ. ಆದ್ದರಿಂದ ಜಗಳವಿಲ್ಲದ ದಾರಿಗಳನ್ನೇ ಮೊದಲು ಹೇಳುತ್ತೇವೆ.

2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯಂತೆ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕರಾರಿನಲ್ಲಿ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ಆರ್ಡರ್ ಪತ್ರದಲ್ಲಿ 90 ಎಂದು ಅಚ್ಚಾಗಿದ್ದರೂ ಕಾನೂನಿನ ಮುಂದೆ 45ಕ್ಕೇ ಬೆಲೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದ್ದರೆ ವರ್ಷಕ್ಕೆ ಶೇ 18. 1 ಲಕ್ಷ ಮೂರು ತಿಂಗಳು ತಡವಾದರೆ 4,568 ರೂಪಾಯಿ.

ದಿನ ಎಣಿಸುವುದು ಬಿಲ್ಲಿನ ತಾರೀಖಿನಿಂದ ಅಲ್ಲ, ಮಾಲು ಒಪ್ಪಿಸಿದ ದಿನದಿಂದ. ಕಂಪನಿಯವರು 15 ದಿನದೊಳಗೆ ಬರಹದಲ್ಲಿ ತಕರಾರು ತೆಗೆದರೆ ಮಾತ್ರ, ಅದು ಬಗೆಹರಿದ ದಿನದಿಂದ ಎಣಿಕೆ. ಹೆಚ್ಚಿನ ವರ್ಕ್‌ಶಾಪ್‌ಗಳು ಸೋಲುವುದು ಇಲ್ಲಿಯೇ. ಡೆಲಿವರಿ ಚಲನ್ ಮೇಲೆ ಗೇಟಿನ ಸೀಲು ಇರುತ್ತದೆ, ತಾರೀಖು ಇರುವುದಿಲ್ಲ. ಅಥವಾ ಚಲನ್ ಡ್ರೈವರನ ಜೇಬಿನಲ್ಲೇ ಕಳೆದುಹೋಗಿರುತ್ತದೆ. ಸೀಲು, ಸಹಿ, ತಾರೀಖು ಮೂರೂ ಇರುವ ಚಲನ್‌ನ ಫೋಟೊ ಅವತ್ತೇ ನಿಮ್ಮ ಮೊಬೈಲಿಗೆ ಬರಬೇಕು. ರಿಜೆಕ್ಟ್ ಆದ ಬಿಡಿಭಾಗಗಳ ಲೆಕ್ಕವನ್ನು ಅದೇ ತಿಂಗಳು ಕ್ರೆಡಿಟ್ ನೋಟ್ (ಬಿಲ್ಲಿನಿಂದ ಅಷ್ಟು ಮೊತ್ತ ಇಳಿಸುವ ಪತ್ರ) ಕೊಟ್ಟು ಮುಗಿಸಿ. ಐದು ಬಿಡಿಭಾಗದ ತಕರಾರನ್ನು ತೋರಿಸಿ ಇಡೀ ಬಿಲ್ಲನ್ನು ತಡೆಹಿಡಿಯಲು ಅವಕಾಶ ಕೊಡಬೇಡಿ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ದಾಖಲಾಗುವುದು) ಇಲ್ಲದಿದ್ದರೆ ಇವತ್ತೇ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದಕ್ಕೆ ಶುಲ್ಕವಿಲ್ಲ, ಆಧಾರ್, ಪ್ಯಾನ್, ಜಿಎಸ್‌ಟಿ ಸಂಖ್ಯೆ ಸಾಕು. ಮಾಲು ಕೊಟ್ಟ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಿಲ್ಲಿಗೆ ಆಸರೆಯಾಗುತ್ತದೆಂದು ನಂಬಿ ಕೂರಬೇಡಿ. ಉದ್ಯಮ್ ಸಂಖ್ಯೆ, ‘ಸಣ್ಣ ಉದ್ಯಮ, 45 ದಿನದೊಳಗೆ ಪಾವತಿ’ ಎಂಬ ಸಾಲು ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿರಲಿ. ಇದರಲ್ಲಿ ಜಗಳವೇನೂ ಇಲ್ಲ. ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಇದು ಮುಖ್ಯವಾದ ಸಾಲು. ಈ ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಹಣ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು ಎಂಬ ಆದಾಯ ತೆರಿಗೆ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮಾರ್ಚ್ 31ಕ್ಕೆ ನಿಮ್ಮ ಬಾಕಿ ಉಳಿದರೆ ಅವರ ತೆರಿಗೆ ಏರುತ್ತದೆ. ಫೆಬ್ರುವರಿ ಮೊದಲ ವಾರದಲ್ಲಿ ಬಾಕಿ ಬಿಲ್ಲುಗಳ ಪಟ್ಟಿಯನ್ನು ಉದ್ಯಮ್ ಪತ್ರದ ಜೊತೆ ಇಮೇಲ್ ಮಾಡಿ. ಖರೀದಿ ವಿಭಾಗಕ್ಕಲ್ಲ, ಲೆಕ್ಕಪತ್ರ ವಿಭಾಗಕ್ಕೆ. ಒಂದು ಎಚ್ಚರಿಕೆ: ಈ ಅನುಕೂಲ ತಯಾರಿಕೆ, ಸೇವೆಯವರಿಗೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ಇದ್ದರೂ ಇದು ಸಿಗುವುದಿಲ್ಲ.

ಎರಡನೆಯ ದಾರಿ ಟ್ರೆಡ್ಸ್, ಅಂದರೆ ಬಾಕಿ ಬಿಲ್ಲುಗಳ ಮೇಲೆ ಬ್ಯಾಂಕುಗಳಿಂದ ಹಣ ಸಿಗುವ ಆನ್‌ಲೈನ್ ವೇದಿಕೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯ. ನಿಮ್ಮ ಬಿಲ್ಲನ್ನು ಕಂಪನಿ ಅಲ್ಲಿ ಒಪ್ಪಿದರೆ ಬ್ಯಾಂಕುಗಳು ಅದರ ಮೇಲೆ ಬಡ್ಡಿ ದರ ಕೂಗುತ್ತವೆ. ನಿಮಗೆ ಒಪ್ಪಿಗೆಯಾದ ದರಕ್ಕೆ ಬಡ್ಡಿ ಮುರಿದುಕೊಂಡು ಹಣ ನಿಮ್ಮ ಖಾತೆಗೆ ಬರುತ್ತದೆ. ಮುಂದೆ ಕಂಪನಿ ಹಣ ಕೊಡದಿದ್ದರೆ ಬ್ಯಾಂಕು ನಿಮ್ಮನ್ನು ಕೇಳುವಂತಿಲ್ಲ. ಕಂಪನಿಯ ಸಾಲಯೋಗ್ಯತೆಯ ಮೇಲೆ ದರ ನಿಂತಿರುವುದರಿಂದ ನಿಮ್ಮ ಓಡಿ (ಓವರ್‌ಡ್ರಾಫ್ಟ್) ಬಡ್ಡಿಗಿಂತ ಕಡಿಮೆಗೆ ಸಿಗುವ ಸಂಭವ ಹೆಚ್ಚು. ಸಂಬಂಧ ಕೆಡದೆ ಹಣ ಬರುವ ದಾರಿ ಇದು. ಮೊದಲು ಇದನ್ನೇ ಕೇಳಿ.

ಗಿರಾಕಿ ಬಿಟ್ಟುಹೋದ ಮೇಲೆ, ಅಥವಾ ಬಿಡಲು ನೀವೇ ತೀರ್ಮಾನಿಸಿದ ಮೇಲೆ, ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ, ತಡವಾದ ಪಾವತಿಯ ದೂರು ಕೇಳುವ ಸೌಲಭ್ಯ ಮಂಡಳಿಗೆ ಹೋಗಬಹುದು. ಮೊದಲು ಸಂಧಾನ, ಆಗದಿದ್ದರೆ ಪಂಚಾಯ್ತಿ ತೀರ್ಪು. ತೀರ್ಪು ನಿಮ್ಮ ಪರವಾದರೆ ಮೇಲ್ಮನವಿಗೆ ಹೋಗುವ ಕಂಪನಿ ಶೇ 75 ಭಾಗ ಹಣವನ್ನು ಮೊದಲು ಠೇವಣಿ ಇಡಬೇಕು.

ಜಿಎಸ್‌ಟಿ ವಿಷಯಕ್ಕೆ ಬರೋಣ. ತಿಂಗಳಿಗೆ 2 ಲಕ್ಷದ ಬಿಲ್ಲಿಗೆ ಶೇ 18ರಂತೆ 36,000. ನಾಲ್ಕು ತಿಂಗಳ ಬಾಕಿ ಇದ್ದರೆ 1,44,000 ತೆರಿಗೆ ನಿಮ್ಮ ಜೇಬಿನಿಂದ ಹೋಗಿರುತ್ತದೆ, ಖರೀದಿಯ ಇನ್‌ಪುಟ್ (ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ಕಳೆದು ಉಳಿದಷ್ಟು. ಹಣ ಬರಲಿಲ್ಲವೆಂದು ಈ ತೆರಿಗೆ ಮುಂದೂಡುವ ಹಾಗಿಲ್ಲ. ಮುಂದಿನ ದರ ಮಾತುಕತೆಯಲ್ಲಿ ‘ತೆರಿಗೆಯ ಭಾಗವನ್ನು 30 ದಿನಕ್ಕೆ, ಕೆಲಸದ ಹಣ 45ಕ್ಕೆ’ ಎಂದು ಕೇಳಿ ನೋಡಿ. ಬಿಲ್ಲು ಪೋರ್ಟಲ್‌ಗೆ ಏರಿದರೆ ಆ 36,000ದ ಇನ್‌ಪುಟ್ ಅವರಿಗೆ ಹಣ ಕೊಡುವ ಮೊದಲೇ ಸಿಗುತ್ತದೆ. ಈ ಮಾತು ಅವರಿಗೂ ಗೊತ್ತು.

ಪ್ರಶ್ನೆ: ಕಿರಾಣಿ ಅಂಗಡಿ ಇದೆ. ವರ್ಷಕ್ಕೆ ಯುಪಿಐನಲ್ಲಿ 34 ಲಕ್ಷ, ನಗದು 15 ಲಕ್ಷದಷ್ಟು ವ್ಯಾಪಾರ. ಇದರಲ್ಲಿ ಹಾಲು, ತರಕಾರಿ, ಬಿಡಿ ಅಕ್ಕಿ 18 ಲಕ್ಷ. ಅವಕ್ಕೆ ತೆರಿಗೆ ಇಲ್ಲವಲ್ಲ, ಹಾಗಾಗಿ 31 ಲಕ್ಷವೇ ಲೆಕ್ಕ ತಾನೆ? ಕ್ಯೂಆರ್ ಕೋಡ್ ತೆಗೆದುಬಿಡಲೇ?
— ಹಾಸನ

ಉತ್ತರ: 31 ಅಲ್ಲ, 49. ಸರಕು ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ. ತೆರಿಗೆಯಿಲ್ಲದ ವಸ್ತುಗಳನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಸೋಪು, ಬಿಸ್ಕತ್ತು ಕೂಡ ಮಾರುವವರಾದರೆ ಮಿತಿ ಎಣಿಸುವಾಗ ಹಾಲು, ತರಕಾರಿಯೂ ಸೇರುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಹಲವರು ಎಡವಿದ್ದು ಈ ತಿಳಿವಳಿಕೆ ಇಲ್ಲದೆ. ಆಗ ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಬೋರ್ಡುಗಳು ಎದ್ದವು. ಮಿತಿ ಎಣಿಸುವುದು ವ್ಯಾಪಾರವನ್ನು, ಯುಪಿಐಯನ್ನಲ್ಲ. ಕೋಡ್ ತೆಗೆದರೆ ಗಿರಾಕಿ ಹೋಗುತ್ತಾರೆ, ಹೊಣೆ ಹೋಗುವುದಿಲ್ಲ.

ನಿಮಗೆ ಕಾಂಪೊಸಿಷನ್ ಪದ್ಧತಿ ಸರಿಹೊಂದುತ್ತದೆ. ಒಂದೂವರೆ ಕೋಟಿವರೆಗಿನ ವ್ಯಾಪಾರಕ್ಕೆ ಅದು ಲಭ್ಯ. ವ್ಯಾಪಾರಿಗಳಿಗೆ ಶೇ 1, ಅದೂ ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಮಾತ್ರ. ನಿಮ್ಮ 31 ಲಕ್ಷ ಇಲ್ಲಿ ಉಪಯೋಗಕ್ಕೆ ಬರುತ್ತದೆ: ವರ್ಷಕ್ಕೆ 31,000, ಮೂರು ತಿಂಗಳಿಗೆ 7,750. ಸಿಎಂಪಿ-08 ನಮೂನೆಯಲ್ಲಿ ತ್ರೈಮಾಸಿಕ ಮುಗಿದ ಮುಂದಿನ ತಿಂಗಳ 18ರೊಳಗೆ ಕಟ್ಟಬೇಕು. ಗಿರಾಕಿಯಿಂದ ತೆರಿಗೆ ಎಂದು ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯ ಇನ್‌ಪುಟ್ ಸಿಗದು. 25 ಕೆ.ಜಿ.ವರೆಗಿನ ಮುದ್ರಿತ ಚೀಲದ ಅಕ್ಕಿಗೆ ತೆರಿಗೆ ಇದೆ ಎಂಬುದನ್ನು ಮರೆತು ಅದನ್ನು ಬಿಡಿ ಅಕ್ಕಿಯ ಜೊತೆ ಬರೆಯಬೇಡಿ.

ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ನೀವು ಈಗಾಗಲೇ ದಾಟಿದ್ದೀರಿ. ತೆರಿಗೆ ಸಲಹೆಗಾರರ ಬಳಿ ಈ ವಾರವೇ ಹೋಗಿ. ನೋಂದಣಿ ಇಲ್ಲದ ಅವಧಿಗೆ ಇಲಾಖೆ ಶೇ 1ರ ದರ ಹಾಕುವುದಿಲ್ಲ, ವಸ್ತುವಿನ ಪೂರ್ತಿ ದರ ಹಾಕುತ್ತದೆ. ಅಂಗಡಿಯ ಕ್ಯೂಆರ್ ಕೋಡ್ ಚಾಲ್ತಿ ಖಾತೆಗೆ ಮಾತ್ರ ಸೇರಿರಲಿ. ಚೀಟಿ ಎತ್ತಿದ ಹಣ, ಮಗ ಕಳಿಸಿದ ಹಣ, ಸ್ನೇಹಿತರ ಕೈಸಾಲ ಎಲ್ಲವೂ ಅದೇ ಖಾತೆಗೆ ಬಂದಿದ್ದರೆ ಅದು ವ್ಯಾಪಾರವಲ್ಲ ಎಂದು ಸಾಲು ಸಾಲಾಗಿ ಸಾಬೀತು ಮಾಡುವ ಕಷ್ಟ ನಿಮ್ಮ ಮೇಲೆ ಬರುತ್ತದೆ.

ಪ್ರಶ್ನೆ: ಇಳಕಲ್ ಸೀರೆ ನೇಯಿಸಿ ಮಾರುತ್ತೇವೆ, ವರ್ಷಕ್ಕೆ 60 ಲಕ್ಷ ವ್ಯಾಪಾರ. ಮದುವೆ ಸೀಜನ್ ಮುಂಚೆ ನೂಲಿಗೆ ಹಣ ಸಾಲದೆ ಡೈಲಿ ಫೈನಾನ್ಸ್‌ನಲ್ಲಿ ತಗೊಂಡೆವು. 90,000 ಕೈಗೆ, ದಿನಕ್ಕೆ 1,000ದಂತೆ 100 ದಿನ. ಹತ್ತು ಸಾವಿರವಷ್ಟೇ ಬಡ್ಡಿ, ತುಟ್ಟಿಯೇನಲ್ಲ ಅನ್ನಿಸಿತು. ಬ್ಯಾಂಕಿನವರು ಸಿ.ಸಿ. (ಕ್ಯಾಶ್ ಕ್ರೆಡಿಟ್, ಬೇಕಾದಾಗ ಎಳೆದು ಮರಳಿ ಕಟ್ಟುವ ಸಾಲ) ಕೊಡುತ್ತೇವೆ ಅನ್ನುತ್ತಿದ್ದಾರೆ.
— ಬಾಗಲಕೋಟೆ ಜಿಲ್ಲೆ

ಉತ್ತರ: 90,000 ನಿಮ್ಮ ಬಳಿ 100 ದಿನ ಇರುವುದಿಲ್ಲ. ಮರುದಿನದಿಂದಲೇ ಕರಗುತ್ತದೆ, ಸರಾಸರಿ ಇರುವುದು ಅದರ ಅರ್ಧ. ಹಾಗೆ ಲೆಕ್ಕ ಹಾಕಿದರೆ ವರ್ಷಕ್ಕೆ ನೂರಕ್ಕೆ 75ರಿಂದ 80ರ ಬಡ್ಡಿ. ಅಷ್ಟೇ ಹಣವನ್ನು ಅಷ್ಟೇ ದಿನ ಶೇ 11ರ ಸಿ.ಸಿ.ಯಲ್ಲಿ ಬಳಸಿದ್ದರೆ ಬಡ್ಡಿ 1,400ರ ಆಸುಪಾಸು. ಸಿ.ಸಿ. ತಗೊಳ್ಳಿ.

ಸಣ್ಣ ಉದ್ಯಮಕ್ಕೆ ಬ್ಯಾಂಕುಗಳು ಮುಂದಿನ ವರ್ಷದ ಅಂದಾಜು ವಹಿವಾಟಿನ ಶೇ 20ನ್ನು ದುಡಿಯುವ ಬಂಡವಾಳವಾಗಿ ಲೆಕ್ಕ ಹಾಕುತ್ತವೆ, ಶೇ 5 ನೀವು ಹಾಕಬೇಕು. 60 ಲಕ್ಷಕ್ಕೆ 12 ಲಕ್ಷ ಅವರದು, 3 ಲಕ್ಷ ನಿಮ್ಮದು. ಆದರೆ 12 ಲಕ್ಷ ಮಂಜೂರಾಯಿತೆಂದು ಅಷ್ಟೂ ಎಳೆಯಲು ಬರುವುದಿಲ್ಲ. ಪ್ರತಿ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಎಷ್ಟು ಎಳೆಯಬಹುದೆಂದು ನಿಗದಿಯಾಗುತ್ತದೆ. ನೂಲು, ಸೀರೆ ಸೇರಿ 6 ಲಕ್ಷದ ಸ್ಟಾಕು, ಅಂಗಡಿಗಳಿಂದ ಬರಬೇಕಾದದ್ದು 5 ಲಕ್ಷ, ಅದರಲ್ಲಿ 1 ಲಕ್ಷ 90 ದಿನ ದಾಟಿದ್ದು, ನೂಲಿನವರಿಗೆ ನೀವು ಕೊಡಬೇಕಾದದ್ದು 2 ಲಕ್ಷ ಎಂದಿಟ್ಟುಕೊಳ್ಳಿ. 90 ದಿನ ದಾಟಿದ ಉದ್ರಿಯನ್ನು ಬ್ಯಾಂಕು ಎಣಿಸದು. 6ಕ್ಕೆ 4 ಸೇರಿಸಿ 2 ಕಳೆದರೆ 8. ಶೇ 25 ಮಾರ್ಜಿನ್ (ನಿಮ್ಮ ಪಾಲು) ಬಿಟ್ಟರೆ 6 ಲಕ್ಷ. ಹಳೆಯ ಉದ್ರಿ ವಸೂಲಾದಷ್ಟೂ ಬ್ಯಾಂಕಿನ ಹಣ ನಿಮಗೆ ಹೆಚ್ಚು ಸಿಗುತ್ತದೆ ಎಂಬುದು ಈ ಲೆಕ್ಕದೊಳಗೇ ಇದೆ.

ಸಿ.ಸಿ. ಹಣದಿಂದ ಮಗ್ಗ, ಗಾಡಿ, ಸೈಟು ಕೊಳ್ಳಬೇಡಿ, ಮದುವೆ ಮಾಡಬೇಡಿ. ನೂಲು ಸೀರೆಯಾಗಿ, ಸೀರೆ ಹಣವಾಗಿ ಮೂರು ತಿಂಗಳಲ್ಲಿ ಖಾತೆಗೆ ಮರಳುತ್ತದೆ. ಮಗ್ಗದ ಬೆಲೆ ಮರಳಲು ವರ್ಷಗಳು ಬೇಕು, ಅದಕ್ಕೆ ಕಂತಿನ ಸಾಲ. ಮಿತಿ ಮೀರಿ ಖಾತೆ 90 ದಿನ ಹಾಗೆಯೇ ನಿಂತರೆ, ಅಥವಾ ಬಡ್ಡಿಗೆ ಸಾಲುವಷ್ಟೂ ಜಮೆ ಬಾರದಿದ್ದರೆ, ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಆಮೇಲೆ ಬೇರೆ ಬ್ಯಾಂಕೂ ಹತ್ತಿರ ಸೇರಿಸದು.

ಪ್ರಶ್ನೆ: ಆಷಾಢಕ್ಕೆ ಎಲ್ಲ ಅಂಗಡಿಗಳೂ ರಿಯಾಯಿತಿ ಹಾಕುತ್ತವೆ. ನಮ್ಮ ಬಟ್ಟೆ ಅಂಗಡಿಯಲ್ಲಿ ಲಾಭ ಶೇ 30. ಶೇ 20 ಬಿಟ್ಟರೆ ಶೇ 10 ಉಳಿಯುತ್ತದಲ್ಲ?
— ಮೈಸೂರು

ಉತ್ತರ: 100ರ ಬಟ್ಟೆಯ ಅಸಲು 70. 80ಕ್ಕೆ ಮಾರಿದರೆ 10 ರೂಪಾಯಿ ಸಿಗುತ್ತದೆ ನಿಜ. ಮೊದಲು 30 ಸಿಗುತ್ತಿತ್ತು. ಅಷ್ಟೇ ಲಾಭಕ್ಕೆ ಮೂರು ಪಟ್ಟು ಬಟ್ಟೆ ಮಾರಬೇಕು. ಆಷಾಢದಲ್ಲಿ ಮೂರು ಪಟ್ಟು ಹೋಗುತ್ತದೆಯೇ ಎಂದು ಹಿಂದಿನ ವರ್ಷದ ಬಿಲ್ಲು ಪುಸ್ತಕ ತೆರೆದು ನೋಡಿ. ಹೊಸ ಮಾಲಿಗೆ ಶೇ 10ಕ್ಕಿಂತ ಹೆಚ್ಚು ಬಿಡಬೇಡಿ. ಒಂದು ವರ್ಷದಿಂದ ಕಪಾಟಿನಲ್ಲಿರುವ ಮಾಲಿನ ಕಥೆ ಬೇರೆ. ಅದನ್ನು ಅಸಲಿಗೇ ಕೊಟ್ಟರೂ ಲಾಭ, ಬಂದ ಹಣದಿಂದ ಶ್ರಾವಣದ ಮಾಲು ನಗದಿಗೆ ತರಬಹುದು. ಅದಕ್ಕಾಗಿ ಪ್ರತಿ ಪೀಸಿನ ಚೀಟಿಯಲ್ಲಿ ಮಾಲು ಬಂದ ತಿಂಗಳು ಬರೆದಿರಬೇಕು.

ಪ್ರಶ್ನೆ: ಬಾಡಿಗೆ, ತೆರಿಗೆ ಕಟ್ಟುವ ದಿನ ಬಂದಾಗ ಕೈಯಲ್ಲಿ ಹಣ ಇರುವುದಿಲ್ಲ. ಪಿಗ್ಮಿ ಕಟ್ಟುವುದು ಈ ಕಾಲಕ್ಕೂ ಸರಿಯೇ?
— ಬೇಕರಿ ಮಾಲೀಕರು, ಕುಂದಾಪುರ

ಉತ್ತರ: ಸರಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಶುರು ಮಾಡಿದ್ದು ನಿಮ್ಮಂಥವರಿಗಾಗಿಯೇ. ಬಡ್ಡಿಗಾಗಿ ಕಟ್ಟಬೇಡಿ, ಬಡ್ಡಿ ಕಡಿಮೆ. ಗಲ್ಲಾದಿಂದ ಹಣ ಹೊರಗೆ ಹೋಗಲೆಂದು ಕಟ್ಟಿ. ತಿಂಗಳಿಗೆ 18,000 ಬಾಡಿಗೆ, 6,000 ತೆರಿಗೆ ಎಂದಾದರೆ 26 ದಿನಕ್ಕೆ ಹಂಚಿ ದಿನಕ್ಕೆ 925 ಎತ್ತಿಡಬೇಕು. ಪಿಗ್ಮಿಯ ಅವಧಿ ಮುಗಿಯುವ ಮುನ್ನ ತೆಗೆದರೆ ಬಡ್ಡಿ ಕಡಿತವಾಗಬಹುದು, ಕೆಲವೆಡೆ ಶುಲ್ಕವೂ ಉಂಟು. ಆದ್ದರಿಂದ ಬಾಡಿಗೆಯಂಥ ತಿಂಗಳ ಖರ್ಚಿಗೆ ಎರಡನೆಯ ಉಳಿತಾಯ ಖಾತೆ ಸಾಕು, ರಾತ್ರಿ ಗಲ್ಲಾ ಎಣಿಸಿದ ಕೂಡಲೇ ಯುಪಿಐ ಮಾಡಿ. ವರ್ಷಕ್ಕೊಮ್ಮೆ ಬರುವ ಲೈಸೆನ್ಸ್, ವಿಮೆ, ಓವನ್ ರಿಪೇರಿಗೆ ಪಿಗ್ಮಿ ಇಡಿ.

ಎಲ್ಲಿ ಕಟ್ಟುತ್ತೀರಿ ಎಂಬುದೂ ನೋಡಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕು ಸೇರಿ, ಒಬ್ಬರ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ಬೋರ್ಡಿನಲ್ಲಿ ‘ಬ್ಯಾಂಕ್’ ಎಂಬ ಪದ ಇದೆಯೇ, ಒಳಗೆ ಠೇವಣಿ ವಿಮೆಯ ಫಲಕ ಇದೆಯೇ ನೋಡಿ. ಸಂಗ್ರಹಕಾರರು ಹಣ ತೆಗೆದುಕೊಂಡ ತಕ್ಷಣ ಮುದ್ರಿತ ರಸೀದಿಯೋ ಮೊಬೈಲಿಗೆ ಸಂದೇಶವೋ ಬರಬೇಕು. ‘ನಾಳೆ ಒಟ್ಟಿಗೆ ಬರೆದುಕೊಡುತ್ತೇನೆ’ ಎಂದರೆ ಅವತ್ತು ಹಣ ಕೊಡಬೇಡಿ.